ಲೊಕ್ಕಿಗುಂಡಿಯ ಸ್ಥಾವರಗಳು: ಕಲ್ಲು ಮತ್ತು ಮಾತು

ಲಕ್ಕುಂಡಿಯನ್ನು ಕುರಿತ ಬರೆಹಗಳಲ್ಲಿ 'ಕುಸುರಿ' ಎಂಬ ಮಾತು ಬಾರದ ಪುಟ ವಿರಳ. ಶಿಲ್ಪಿಗಳು ಕಲ್ಲಿನಲ್ಲಿ ಹೂವರಳಿಸಿದರು, ದಂತವನ್ನು ಕೊರೆದಂತೆ ಕೊರೆದರು, ಅಕ್ಕಸಾಲಿಗನ ಕೈಚಳಕವನ್ನೂ ಮೀರಿಸಿದರು ಎಂಬ ಹೊಗಳಿಕೆ ಒಬ್ಬರ ಲೇಖನಿಯಿಂದ ಇನ್ನೊಬ್ಬರ ಲೇಖನಿಗೆ ಹರಿದುಬಂದಿದೆ. ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಒಂದು ಕಾವ್ಯವನ್ನು ಅದರ ಅಲಂಕಾರಗಳ ಪಟ್ಟಿಯಿಂದ ಅಳೆಯುವ ವಿಮರ್ಶೆ ಎಷ್ಟು ಅಪೂರ್ಣವೋ, ಒಂದು ಊರಿನ ವಾಸ್ತುವನ್ನು ಅದರ ಕುಸುರಿಯಿಂದ ಅಳೆಯುವ ವಿಮರ್ಶೆಯೂ ಅಷ್ಟೇ ಅಪೂರ್ಣವಾದುದು. ಇದಕ್ಕೆ ಎದುರಾಗಿ ಇನ್ನೊಂದು ನಿಲುವೂ ಉಂಟು. ವಚನಗಳನ್ನು ಓದಿ ಬೆಳೆದ ಶ್ರದ್ಧಾವಂತರಲ್ಲಿ ಹಲವರು, ಗುಡಿಗುಂಡಾರಗಳು ಸ್ಥಾವರ, ಶರಣಧರ್ಮವು ಜಂಗಮ, ಆದುದರಿಂದ ಈ ಕಲ್ಲುಗಳ ಅಳಿವು ಉಳಿವು ತಮಗೆ ಸಂಬಂಧಿಸಿದುದಲ್ಲವೆಂದು ಭಾವಿಸುತ್ತಾರೆ. ಮೊದಲನೆಯವರು ಕಲ್ಲನ್ನು ನೋಡಿ ಊರನ್ನು ಮರೆತರು. ಎರಡನೆಯವರು ಮಾತನ್ನು ಹಿಡಿದು ಕಲ್ಲನ್ನು ಮರೆತರು. ಈ ಎರಡು ಮರೆವುಗಳನ್ನೂ ಬದಿಗಿರಿಸಿ, ಲಕ್ಕುಂಡಿಯ ಕಟ್ಟಡಗಳು ಒಟ್ಟಾಗಿ ಏನನ್ನು ಹೇಳುತ್ತವೆ ಎಂಬುದನ್ನು ಪರಿಶೀಲಿಸುವುದು ಅವಶ್ಯಕವಾಗಿದೆ.

ಗದಗಿನಿಂದ ಕೊಪ್ಪಳ, ಹೊಸಪೇಟೆಗಳ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೧೨ ಕಿಲೋಮೀಟರು ದೂರದಲ್ಲಿರುವ ಈ ಊರು ಇಂದು ಎರೆಹೊಲಗಳ ನಡುವಣ ಒಂದು ಸಾಧಾರಣ ಗ್ರಾಮ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆಯಿದ್ದು, ಇಲ್ಲಿಯ ನಾಣ್ಯವು ಊರಿನ ಹೆಸರಿನಿಂದಲೇ ಲೊಕ್ಕಿಗದ್ಯಾಣವೆಂದು ನಾಡಿನಲ್ಲಿ ಚಲಾವಣೆಯಲ್ಲಿತ್ತು. ಸಾವಿರ ಮಹಾಜನರ ಅಗ್ರಹಾರವೆಂಬ ಕೀರ್ತಿಯೂ ಇದಕ್ಕೆ ಸಂದಿತ್ತು. ೧೨ನೆಯ ಶತಮಾನದ ಕೊನೆಯ ದಶಕದಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣರೊಡನೆ ಹೋರಾಡಿ ಈ ಭಾಗವನ್ನು ವಶಪಡಿಸಿಕೊಂಡು ಲೊಕ್ಕಿಗುಂಡಿಯನ್ನು ತನ್ನ ನೆಲೆವೀಡನ್ನಾಗಿ ಮಾಡಿಕೊಂಡನು. ಹಣ, ವಿದ್ಯೆ, ಅಧಿಕಾರ ಮೂರೂ ಕೂಡಿದ್ದ ಇಂತಹ ಊರಿನಲ್ಲಿ ಕಟ್ಟಡಗಳು ಬೆಳೆದುದು ಸಹಜ. ಆದರೆ ಏನನ್ನು ಕಟ್ಟಿದರು, ಯಾವ ಕ್ರಮದಲ್ಲಿ ಕಟ್ಟಿದರು ಎಂಬುದರಲ್ಲಿಯೇ ವಿಚಾರಕ್ಕೆ ಯೋಗ್ಯವಾದ ಸಂಗತಿ ಅಡಗಿದೆ.

ಈ ಊರಿನಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಇದ್ದವೆಂಬುದು ಜನರ ಮಾತು. ಎಣಿಸಿ ಹೇಳಿದ ಲೆಕ್ಕವಲ್ಲವಾದರೂ ಇದನ್ನು ತಳ್ಳಿಹಾಕುವಂತಿಲ್ಲ. ಗುಡಿಗೆ ಎಷ್ಟು ಸಂಖ್ಯೆಯೋ ಬಾವಿಗೂ ಅಷ್ಟೇ ಸಂಖ್ಯೆಯನ್ನು ಕೊಟ್ಟಿರುವುದರಲ್ಲಿ ಒಂದು ತೀರ್ಪು ಇದೆ. ವಿದ್ವಾಂಸರು ಗುಡಿಗಳನ್ನು ಪ್ರಧಾನವಾಗಿಯೂ ಬಾವಿಗಳನ್ನು ಅವುಗಳ ಬಾಲವಾಗಿಯೂ ವರ್ಣಿಸುತ್ತ ಬಂದರು. ಜನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು. ಲಕ್ಕುಂಡಿಯ ವಾಸ್ತುವಿಮರ್ಶೆ ಕೊನೆಗೆ ಈ ಜನವಾಕ್ಯದ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಊರಿನ ಹಿರಿಯ ಕಟ್ಟಡಗಳಲ್ಲಿ ಮೊದಲು ನಿಲ್ಲುವುದು ಬ್ರಹ್ಮಜಿನಾಲಯ. ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನ ಆಳಿಕೆಯಲ್ಲಿ, ೧೦೦೭ರ ಶಾಸನವು ಹೇಳುವಂತೆ, ದಾನಚಿಂತಾಮಣಿ ಅತ್ತಿಮಬ್ಬೆಯು ಲೊಕ್ಕಿಗುಂಡಿಯಲ್ಲಿ ಕಟ್ಟಿಸಿದ ಬಸದಿ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಒಳಮಂಟಪದಲ್ಲಿರುವ ಚತುರ್ಮುಖ ಬ್ರಹ್ಮನ ಮೂರ್ತಿ ಪ್ರಸಿದ್ಧವಾದುದು. ಈ ಬಸದಿಯ ಹೊರಗೋಡೆಯ ಮುಂದೆ ನಿಂತವರಿಗೆ ಮೊದಲು ಕಾಣುವುದು ಸಂಯಮ. ಅರೆಗಂಬಗಳ ಸಾಲು, ನಡುನಡುವೆ ಕಿರುಗೋಪುರಗಳ ಗುರುತು, ಉಳಿದಂತೆ ಬರಿಯ ಭಿತ್ತಿ. ಹೊರೆ ಎಲ್ಲಿ ಇಳಿಯುತ್ತದೆ, ಗೋಡೆ ಎಲ್ಲಿ ಮುಂದೆ ಬರುತ್ತದೆ, ಎಲ್ಲಿ ಹಿಂದೆ ಸರಿಯುತ್ತದೆ ಎಂಬುದು ಅನಭ್ಯಸ್ತ ಕಣ್ಣಿಗೂ ತಿಳಿಯುವಷ್ಟು ಸ್ಪಷ್ಟವಾಗಿದೆ. ಗೋಡೆ ಗೋಡೆಯಾಗಿಯೇ ಉಳಿದಿದೆ.

ಇಲ್ಲಿ ಕಲ್ಲಿನ ವಿಷಯವನ್ನು ಹೇಳದೆ ಮುಂದುವರಿಯುವಂತಿಲ್ಲ. ಬಾದಾಮಿ, ಪಟ್ಟದಕಲ್ಲುಗಳ ಹಿಂದಿನ ಶಿಲ್ಪಿಗಳು ಬಳಸಿದ್ದು ಮರಳುಗಲ್ಲು. ಅದು ದೊಡ್ಡ ದೊಡ್ಡ ದಿಮ್ಮಿಗಳಾಗಿ ಏಳುವ, ಒರಟು ಹರಳಿನ ಕಲ್ಲು. ಲಕ್ಕುಂಡಿಯ ಬಸದಿಯ ವೇಳೆಗೆ ಆ ಸ್ಥಾನಕ್ಕೆ ನಯವಾದ ಹರಳಿನ, ಹಸುರುಗಪ್ಪು ಛಾಯೆಯ ಬಳಪದ ಕಲ್ಲಿನ ಜಾತಿ ಬಂದಿತು. ೧೯೨೬ರಲ್ಲಿ ಪ್ರಕಟವಾದ ಹೆನ್ರಿ ಕಸಿನ್ಸ್ ಅವರ ಗ್ರಂಥವು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ವಿವರಿಸುವಾಗ ಈ ಮಾರ್ಪಾಡಿಗೆ ವಿಶೇಷ ಗಮನ ಕೊಟ್ಟಿದೆ. ಈ ಕಲ್ಲು ಗಣಿಯಿಂದ ಬಂದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಉಳಿಯ ಮೊನೆ ಹೋದಲ್ಲಿಗೆ ಬಿರಿಯದೆ ಬರುತ್ತದೆ. ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ತಿರುಗಣಿಗೆ ಕೊಟ್ಟು ಕಂಬವನ್ನು ಕಡೆಯಬಹುದು. ಹಿಂದಿನ ಶಿಲ್ಪಿಗೆ ಕಲ್ಲು ಹಾಕಿದ್ದ ಎಲ್ಲೆಗಳು ಹೀಗೆ ಅಳಿಸಿಹೋದವು. ಬಸದಿಯನ್ನು ಕಟ್ಟಿದವರ ಹಿರಿಮೆಯೆಂದರೆ, ಕೈಗೆ ಬಂದ ಈ ಹೊಸ ಸ್ವಾತಂತ್ರ್ಯವನ್ನು ಅವರು ಮಿತಿಯಲ್ಲಿ ಬಳಸಿದುದು.

ಮುಂದಿನ ತಲೆಮಾರುಗಳು ಆ ಮಿತಿಯನ್ನು ದಾಟಿದವು. ೧೧ನೆಯ ಶತಮಾನದ ನಡುವಣ ಭಾಗಕ್ಕೆ ಸೇರಿದುದೆನ್ನಲಾದ ನನ್ನೇಶ್ವರ ಗುಡಿಯಲ್ಲಿ ಬಸದಿಯ ನುಡಿಗಟ್ಟೇ ಚಿಕ್ಕ ಪ್ರಮಾಣದಲ್ಲಿ ಮುಂದುವರಿದಿದೆ. ಕಂಬಗಳ ಹೊಳಪು ಹೆಚ್ಚಿದೆ, ಗೋಡೆಯ ಮಾತು ಸ್ವಲ್ಪ ಬೆಳೆದಿದೆ. ಅದರ ಹತ್ತಿರದಲ್ಲಿಯೇ ಇರುವ ಕಾಶಿವಿಶ್ವೇಶ್ವರದಲ್ಲಿ ಆ ಮಾತು ಪ್ರವಾಹವಾಗಿ ಹರಿದಿದೆ. ಇದು ದ್ವಿಕೂಟ. ಪಶ್ಚಿಮದಲ್ಲಿ ಶಿವನ ಗರ್ಭಗೃಹ, ಎದುರಾಗಿ ಪೂರ್ವದಲ್ಲಿ ಸೂರ್ಯನ ಗರ್ಭಗೃಹ. ಎರಡಕ್ಕೂ ಒಂದೇ ಜಗತಿ. ಬಾಗಿಲವಾಡಗಳಲ್ಲಿ ಪಟ್ಟಿಯ ಪಕ್ಕದಲ್ಲಿ ಪಟ್ಟಿ, ಬಳ್ಳಿಯ ಒಳಗೆ ಬಳ್ಳಿ, ಬಳ್ಳಿಯ ಸುರುಳಿಯೊಳಗೆ ಕಿರುರೂಪಗಳು. ಹೊರಗೋಡೆಯಲ್ಲಿ ಅರೆಗಂಬಗಳ ಮೇಲೆ ಗೋಪುರಗಳು, ಗೋಪುರಗಳ ಮೇಲೆ ಮಕರತೋರಣಗಳು. ಇದೇ ದಾರಿ ಮುಂದುವರಿದು ೧೧೧೨ರಲ್ಲಿ ಇಟಗಿಯ ಮಹಾದೇವ ದೇವಾಲಯದಲ್ಲಿ ಪರಿಪಾಕಕ್ಕೆ ಬಂದು, ಅಲ್ಲಿಯ ಶಾಸನದಲ್ಲಿ 'ದೇವಾಲಯ ಚಕ್ರವರ್ತಿ' ಎಂಬ ಬಿರುದನ್ನು ಪಡೆಯಿತು.

ಕಾಶಿವಿಶ್ವೇಶ್ವರದ ಈ ಸಮೃದ್ಧಿಯನ್ನು ಒಂದೇ ಮಾತಿನಲ್ಲಿ ಹೊಗಳುವುದಾಗಲಿ ಹಳಿಯುವುದಾಗಲಿ ಸರಿಯಲ್ಲ. ಬಾಗಿಲವಾಡದಲ್ಲಿ ಅಲಂಕಾರಕ್ಕೆ ಒಂದು ಕೆಲಸವಿದೆ. ಹೊರಗಿನ ಬೆಳಕಿನಿಂದ ಒಳಗಿನ ಕತ್ತಲೆಗೆ ಹೋಗುವ ಭಕ್ತನನ್ನು ಅದು ಒಂದು ಗಳಿಗೆ ತಡೆದು ನಿಲ್ಲಿಸುತ್ತದೆ. ಒಂದೊಂದು ಪಟ್ಟಿಯೂ ಕಣ್ಣನ್ನು ಒಳಕ್ಕೆ, ಇನ್ನೂ ಒಳಕ್ಕೆ ಕರೆಯುತ್ತದೆ. ಕೊನೆಯ ಪಟ್ಟಿ ಮುಗಿದಲ್ಲಿ ಅಲಂಕಾರವೂ ಮುಗಿದು ಲಿಂಗವೊಂದೇ ಉಳಿಯುತ್ತದೆ. ಇಲ್ಲಿ ಬೆಡಗು ತನ್ನನ್ನು ತಾನು ಕಳೆದುಕೊಳ್ಳುವುದಕ್ಕಾಗಿಯೇ ಇದೆ. ಹೊರಗೋಡೆಯ ವಿಷಯ ಹೀಗಲ್ಲ. ಅಲ್ಲಿ ಕಣ್ಣಿಗೆ ವಿಶ್ರಾಂತಿಯೇ ಇಲ್ಲ. ಯಾವುದು ಹೊರುವ ಅಂಗ, ಯಾವುದು ಹೊರೆ ಎಂಬ ವಿವೇಕ ಕೊರೆತದ ನೆರಳುಗಳಲ್ಲಿ ಮಸುಕಾಗುತ್ತದೆ. ಬಿಡಿಬಿಡಿಯಾಗಿ ಒಂದೊಂದು ಅಂಗುಲವೂ ಮನೋಹರ. ಇಡಿಯಾಗಿ ನೋಡಿದಾಗ ಗೋಡೆ ತಾನು ಗೋಡೆಯೆಂಬುದನ್ನು ಮರೆತಂತಿದೆ. ಇದೇ ಶಬ್ದಸಂಪತ್ತಿನ ಅರ್ಧವನ್ನು ಬಳಸಿ ಹೆಚ್ಚಿನ ಸಮತೋಲವನ್ನು ಸಾಧಿಸಿರುವುದರಿಂದ, ಪ್ರಮಾಣಬದ್ಧತೆಯ ದೃಷ್ಟಿಯಿಂದ ನನ್ನೇಶ್ವರಕ್ಕೆ ಮೊದಲ ಸ್ಥಾನವನ್ನು ಕೊಡುವುದು ನ್ಯಾಯ.

ಈಗ ಇದೇ ಅವಧಿಯ ಸಾಹಿತ್ಯದ ಕಡೆಗೆ ದೃಷ್ಟಿ ಹರಿಸಿದರೆ ಒಂದು ವಿಸ್ಮಯ ಕಾದಿದೆ. ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯೇ ಕವಿಚಕ್ರವರ್ತಿ ರನ್ನನಿಗೆ ಆಶ್ರಯವಿತ್ತವಳು. ೯೯೩ರಲ್ಲಿ ರಚಿತವಾದ ಅಜಿತಪುರಾಣವು ಆಕೆಯ ಇಚ್ಛೆಯಂತೆ ಮೂಡಿದ ಕೃತಿ. ಅದು ಚಂಪುವಿನ ಕಾಲ. ವೃತ್ತ ಕಂದಗಳ, ಮಾರ್ಗದ ಬಿಗಿಯ, ಅಲಂಕಾರಶಾಸ್ತ್ರದ ಕಾಲ. ಮಾತು ಅಷ್ಟೊಂದು ಸಿಂಗರಿಸಿಕೊಂಡಿದ್ದ ಆ ದಿನಗಳಲ್ಲಿ ಲೊಕ್ಕಿಗುಂಡಿಯ ಕಲ್ಲು ಸರಳವಾಗಿತ್ತು. ಮುಂದಿನ ಒಂದೂವರೆ ಶತಮಾನದಲ್ಲಿ ಕಲ್ಲು ಸಿಂಗಾರದ ಮೇಲೆ ಸಿಂಗಾರವನ್ನು ಏರಿಸಿಕೊಳ್ಳುತ್ತ ನಡೆಯಿತು. ಆದರೆ ೧೨ನೆಯ ಶತಮಾನಕ್ಕೆ ಬಂದಾಗ ಮಾತು ತನ್ನ ಆಭರಣಗಳನ್ನು ಒಂದೊಂದಾಗಿ ಕಳಚಿಟ್ಟು, ಛಂದಸ್ಸನ್ನೂ ಬಿಟ್ಟು, ಮನೆಯಂಗಳದಲ್ಲಿ ಆಡುವ ನುಡಿಯಾಗಿ, ವಚನವಾಗಿ ನಿಂತಿತು. ಒಂದೇ ಸೀಮೆಯಲ್ಲಿ ಕಲ್ಲು ಮತ್ತು ಮಾತು ಎದುರುಬದುರು ದಿಕ್ಕಿನಲ್ಲಿ ಪಯಣಿಸಿದವು. ಕಾಲಧರ್ಮವೊಂದೇ ಎಲ್ಲ ಕಲೆಗಳನ್ನೂ ಒಂದೇ ಹಾದಿಯಲ್ಲಿ ನಡೆಸುತ್ತದೆ ಎಂಬ ಸುಲಭ ಸಿದ್ಧಾಂತಕ್ಕೆ ಲಕ್ಕುಂಡಿಯೇ ಉತ್ತರ.

ಈ ಎದುರುನಡೆಯನ್ನು ಮನಗಾಣಿಸುವ ವಚನಕಾರರು ಇದೇ ಊರಿನವರೆಂಬುದು ಗಮನಾರ್ಹ. ಶರಣ ಅಜಗಣ್ಣನವರೂ ಅವರ ತಂಗಿ ಮುಕ್ತಾಯಕ್ಕನವರೂ ಲಕ್ಕುಂಡಿಯವರೆಂದು ಪರಂಪರೆ ಹೇಳುತ್ತದೆ. ಅಜಗಣ್ಣನವರದು ಗುಪ್ತಭಕ್ತಿ, ಹೊರಗೆ ಯಾವ ಕುರುಹನ್ನೂ ತೋರದ ನಿಷ್ಠೆ. ಮನೆಯ ಬಾಗಿಲ ಮೇಲಣ ತೊಲೆ ತಲೆಗೆ ಬಡಿದು ಅವರು ಲಿಂಗೈಕ್ಯರಾದರೆಂದು ಶರಣಚರಿತೆಗಳು ತಿಳಿಸುತ್ತವೆ. ಅಣ್ಣನನ್ನೇ ಗುರುವೆಂದು ನಂಬಿದ್ದ ಮುಕ್ತಾಯಕ್ಕನವರ ಶೋಕವೂ, ಆ ಶೋಕದ ನಡುವೆ ಬಂದು ನಿಂತ ಅಲ್ಲಮಪ್ರಭುದೇವರೊಡನೆ ನಡೆದ ಸಂವಾದವೂ ಶೂನ್ಯಸಂಪಾದನೆಯ ಅತ್ಯಂತ ಗಹನವಾದ ಭಾಗಗಳಲ್ಲಿ ಸೇರಿವೆ. ಅಜಗಣ್ಣತಂದೆ ಎಂಬ ಅಂಕಿತದಲ್ಲಿ ಆ ತಂಗಿಯ ಅಳಲೂ ಅರಿವೂ ಒಂದಾಗಿವೆ.

ವಾಸ್ತುವನ್ನು ಕುರಿತ ಚರ್ಚೆಯಲ್ಲಿ ಈ ಪ್ರಸಂಗಕ್ಕೆ ಸ್ಥಾನವೇನು ಎಂದು ಕೇಳಬಹುದು. ನಾಡಿನಲ್ಲಿಯೇ ಅತಿ ಸುಂದರವಾದ ಬಾಗಿಲವಾಡಗಳನ್ನು ಪಡೆದ ಊರು ಇದು. ಆದರೆ ಈ ಊರಿನ ಶರಣನ ಚರಿತ್ರೆಯಲ್ಲಿ ನಿರ್ಣಾಯಕವಾದ ಬಾಗಿಲು ಗುಡಿಯದಲ್ಲ; ತಲೆ ತಗ್ಗಿಸಿ ಹೋಗಬೇಕಾದ ಒಂದು ಸಾಧಾರಣ ಮನೆಯದು. ಅದನ್ನು ಯಾವ ರೂವಾರಿಯೂ ಕೆತ್ತಲಿಲ್ಲ, ಯಾವ ಶಾಸನವೂ ಹೆಸರಿಸಲಿಲ್ಲ. ಮುಕ್ತಾಯಕ್ಕನವರ ಸಂವಾದದ ಕೇಂದ್ರದಲ್ಲಿರುವುದೂ ಗರ್ಭಗೃಹವಲ್ಲ, ಸಾವು ಸಂಭವಿಸಿದ ಮನೆ. ವಚನದ ದೃಷ್ಟಿ ನೆಟ್ಟಿದ್ದುದು ಈ ಮನೆಯ ಹೊಸ್ತಿಲಿನಲ್ಲಿ.

ಇಷ್ಟರಿಂದ ವಚನಕಾರರು ವಾಸ್ತುವಿದ್ಯೆಯನ್ನು ತಿರಸ್ಕರಿಸಿದರೆಂಬ ನಿರ್ಣಯಕ್ಕೆ ಬರುವುದು ಅವಸರವಾದೀತು. ಸಿರಿವಂತರ ಶಿವಾಲಯಕ್ಕೆ ಎದುರಾಗಿ ಬಡವನು ತನ್ನ ಶರೀರವನ್ನೇ ಸಮರ್ಪಿಸುವ ಬಸವಣ್ಣನವರ ಸುಪ್ರಸಿದ್ಧ ವಚನವನ್ನು ಓದುಗರೆಲ್ಲರೂ ಬಲ್ಲರು. ಆ ವಚನದ ರಚನೆಯನ್ನು ಸೂಕ್ಷ್ಮವಾಗಿ ನೋಡಬೇಕು. ಗುಡಿಯ ಅಂಗಗಳನ್ನು ಅಡಿಯಿಂದ ಮುಡಿಯವರೆಗೆ ಕ್ರಮವಾಗಿ ಮಾನವಶರೀರದ ಅಂಗಗಳಿಗೆ ಅಲ್ಲಿ ಹೊಂದಿಸಲಾಗಿದೆ. ವಾಸ್ತುಶಾಸ್ತ್ರವು ಮೊದಲಿನಿಂದಲೂ ದೇವಾಲಯವನ್ನು ಪುರುಷಶರೀರವೆಂದು ಕಲ್ಪಿಸಿ ಪಾದ, ಜಂಘೆ, ಗ್ರೀವ, ಶಿಖರವೆಂದು ಅಂಗಗಳಿಗೆ ಹೆಸರಿಟ್ಟಿತು. ಬಸವಣ್ಣನವರು ಆ ಉಪಮಾನವನ್ನು ಅದರ ಮೂಲಕ್ಕೇ ಹಿಂದಿರುಗಿಸಿದರು. ಕಂಬವೆಂದರೇನು, ಕಳಶವೆಂದರೇನು ಎಂಬುದನ್ನು ಕಣ್ಣಾರೆ ಕಂಡವನಿಗೆ ಮಾತ್ರ ಆ ವಚನದ ಬಿಸಿ ತಟ್ಟುತ್ತದೆ. ಗುಡಿಯನ್ನೇ ಕಾಣದವನ ಪಾಲಿಗೆ ಆ ರೂಪಕ ಬರಿಯ ಪದಗಳ ಜೋಡಣೆ. ಸ್ಥಾವರವು ಅಳಿಯುತ್ತದೆ ಎಂಬ ಅರಿವು ಸ್ಥಾವರವನ್ನು ಅಳಿಸಿರಿ ಎಂಬ ಅಪ್ಪಣೆಯಾಗಲಾರದು. ಕಟ್ಟಿಸಿದವನ ಅಹಂಕಾರಕ್ಕೆ ಹಾಕಿದ ಪ್ರಶ್ನೆಯನ್ನು ಕಡೆದವನ ಕಾಯಕಕ್ಕೆ ತಗುಲಿಸುವುದು, ಕಾಯಕವನ್ನೇ ಎತ್ತಿಹಿಡಿದ ಶರಣರಿಗೆ ಮಾಡುವ ಅಪಚಾರ. ಅತ್ತಿಮಬ್ಬೆಯು ಬಸದಿಯನ್ನು ಕಟ್ಟಿಸಿದುದಲ್ಲದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರತೀತಿ. ನಿಂತಲ್ಲಿ ನಿಲ್ಲುವ ಕಲ್ಲು, ಕೈಯಿಂದ ಕೈಗೆ ನಡೆಯುವ ಓಲೆ ಎರಡೂ ಬೇಕೆಂಬುದನ್ನು ಆಕೆ ಅರಿತಿದ್ದಳು.

ಹಾಗಾದರೆ ಎದುರುಬದುರಾಗಿ ನಡೆದ ಕಲ್ಲು ಮತ್ತು ಮಾತು ಲಕ್ಕುಂಡಿಯಲ್ಲಿ ಎಲ್ಲಿಯೂ ಕೂಡಲಿಲ್ಲವೇ? ಅವು ಕೂಡುವುದು ಬಾವಿಗಳಲ್ಲಿ. ಮೂರು ಗರ್ಭಗೃಹಗಳ ಮಾಣಿಕೇಶ್ವರ ಗುಡಿಯ ಮುಂದಿರುವ ಮುಸುಕಿನ ಬಾವಿ ಇವುಗಳಲ್ಲಿ ಶ್ರೇಷ್ಠವಾದುದು. ಗುಡಿಯ ಜಗತಿಯ ಅಡಿಗೇ ಹೊಕ್ಕಂತೆ ಇದನ್ನು ತೋಡಿ, ಮೂರು ಕಡೆಗಳಿಂದ ಮೆಟ್ಟಿಲುಗಳನ್ನು ಇಳಿಸಿದ್ದಾರೆ. ಮೆಟ್ಟಿಲುಗಳ ನಡುವೆ ಗೋಡೆಯಲ್ಲಿ ಸಣ್ಣ ಸಣ್ಣ ದೇವಕೋಷ್ಠಗಳು. ಅವುಗಳ ಮೇಲೆ ಗುಡಿಯ ಗೋಪುರಗಳ ಕಿರುಪ್ರತಿಗಳು. ಛಬ್ಬೇರ ಬಾವಿ, ಕನ್ನೆ ಬಾವಿ ಮೊದಲಾದವುಗಳಲ್ಲಿಯೂ ಕೋಷ್ಠಗಳಲ್ಲಿ ಲಿಂಗಗಳನ್ನಿರಿಸುವ ಈ ಪದ್ಧತಿ ಕಾಣುತ್ತದೆ.

ಇಲ್ಲಿ ಬಳಸಿದ ಶಿಲ್ಪಭಾಷೆ ಕಾಶಿವಿಶ್ವೇಶ್ವರದ ಗೋಡೆಯ ಭಾಷೆಯೇ. ವ್ಯತ್ಯಾಸವಿರುವುದು ಪ್ರಯೋಗದಲ್ಲಿ. ಗುಡಿಯ ಗೋಡೆಯಲ್ಲಿ ನೂರು ಬಾರಿ ಬಂದು ಶಬ್ದಾಡಂಬರವಾದ ಕಿರುಗೋಪುರ, ಬಾವಿಯಲ್ಲಿ ಬೇಕಾದೆಡೆ ಒಮ್ಮೆ ಬಂದು ಅರ್ಥವಾಗುತ್ತದೆ. ಉಳಿದುದೆಲ್ಲ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಕಾಲಿನ ಅಳತೆಗೆ, ಕೊಡ ಹೊತ್ತವರ ನಡೆಗೆ ತಕ್ಕಂತೆ ಇದೆ. ಮಳೆ ತುಂಬಿದಾಗ ನೀರು ಮೇಲಿನ ಮೆಟ್ಟಿಲಿಗೆ ಏರುತ್ತದೆ, ಬೇಸಗೆಯಲ್ಲಿ ಕೆಳಕ್ಕೆ ಸರಿಯುತ್ತದೆ; ಕಟ್ಟಡ ಎರಡಕ್ಕೂ ಸಿದ್ಧವಾಗಿದೆ. ಅಡಕವೂ ಅವಶ್ಯಕತೆಯೂ ಕೂಡಿದ ಈ ರಚನೆಯಲ್ಲಿ ವಚನದ ಗುಣವನ್ನು ಕಾಣುವುದು ಅತಿಶಯೋಕ್ತಿಯಾಗಲಾರದು. ಗುಡಿಗಳು ಆಕಾಶಕ್ಕೆ ಏರಿ ಕಟ್ಟಿಸಿದವರ ಹೆಸರನ್ನು ಸಾರಿದರೆ, ಬಾವಿಗಳು ನೆಲಕ್ಕೆ ಇಳಿದು ಬಾಯಾರಿದವರ ಅಗತ್ಯವನ್ನು ಕೇಳಿದವು.

ಆದರೂ ಹೋಲಿಕೆಯನ್ನು ಅದರ ಎಲ್ಲೆ ಮೀರಿ ಎಳೆಯಬಾರದು. ಈ ಬಾವಿಗಳು ಶರಣಚಳವಳಿಯ ಫಲವಲ್ಲ. ಚಾಲುಕ್ಯರ ಕಾಲದ ಅದೇ ಸಿರಿವಂತಿಕೆ, ಅದೇ ಶಿಲ್ಪಿಪರಂಪರೆ ಇವನ್ನೂ ನಿರ್ಮಿಸಿತು. ಸಾವಿರ ಮಹಾಜನರ ಅಗ್ರಹಾರದಲ್ಲಿ ಎಲ್ಲ ಬಾವಿಗಳ ಮೆಟ್ಟಿಲುಗಳೂ ಎಲ್ಲ ಕುಲದವರಿಗೂ ತೆರೆದಿದ್ದವೆಂದು ನಂಬುವುದು ಮುಗ್ಧತೆಯಾದೀತು. ನೀರಿನ ದಾರಿಯಲ್ಲಿಯೂ ಕುಲದ ಕಟ್ಟು ಇದ್ದ ಸಮಾಜಕ್ಕೇ ವಚನಕಾರರು ಮಾತನಾಡಿದರು. ಹಾಗಿರುವುದರಿಂದ, ಬಾವಿಯ ವಾಸ್ತು ವಚನದ ಗುಣವನ್ನು ರೂಪದಲ್ಲಿ ಮುಟ್ಟಿತು, ಆಚರಣೆಯಲ್ಲಿ ಮುಟ್ಟಿತೆಂದು ಹೇಳಲು ಆಧಾರವಿಲ್ಲ ಎಂಬುದೇ ಸಮತೂಕದ ನಿರ್ಣಯ. ರೂಪದಲ್ಲಿ ಸಿದ್ಧವಾಗಿದ್ದುದನ್ನು ಆಚರಣೆಯಲ್ಲಿ ತುಂಬಿಸುವ ಹೊಣೆ ಮುಂದಿನವರದು.

ಆ ಹೊಣೆಯ ಪ್ರಶ್ನೆ ಇಂದಿಗೂ ಸಲ್ಲುತ್ತದೆ. ಪುರಾತತ್ತ್ವ ಇಲಾಖೆಯ ರಕ್ಷಣೆಗೆ ಒಳಪಟ್ಟ ಪ್ರಮುಖ ಗುಡಿಗಳು ಬೇಲಿಯೊಳಗೆ ಸುರಕ್ಷಿತವಾಗಿವೆ. ಬಿಡಿಶಿಲ್ಪಗಳಿಗೆ ಊರಿನಲ್ಲಿಯೇ ಸಂಗ್ರಹಾಲಯವಿದೆ. ಆದರೆ ಬೇಲಿಯ ಹೊರಗೂ ಲೊಕ್ಕಿಗುಂಡಿ ಹರಡಿದೆ. ಕೆತ್ತಿದ ಕಲ್ಲುಗಳು ಮನೆಗಳ ಗೋಡೆಗಳಲ್ಲಿ, ಕಟ್ಟೆಗಳಲ್ಲಿ ಸೇರಿಹೋಗಿವೆ. ಹೆಸರಾದ ನಾಲ್ಕಾರು ಬಾವಿಗಳನ್ನು ಬಿಟ್ಟರೆ ಉಳಿದವುಗಳತ್ತ ಸುಳಿಯುವವರು ಕಡಮೆ. ನಲ್ಲಿಯ ನೀರು ಬಂದ ಮೇಲೆ ಬಾವಿ ಯಾತಕ್ಕೆ ಎಂಬ ಪ್ರಶ್ನೆ ನಾಡಿನ ಎಲ್ಲ ಹಳೆಯ ಊರುಗಳಲ್ಲಿ ಕೇಳಿಬರುವಂತಹುದು. ಇನ್ನೊಂದೆಡೆ, ಶ್ರದ್ಧೆಯ ಹೆಸರಿನಲ್ಲಿಯೇ ಹಾನಿ ನಡೆಯುವುದೂ ಉಂಟು. ನಯವಾದ ಬಳಪದ ಕಲ್ಲಿನ ಮೇಲೆ ಎಣ್ಣೆಬಣ್ಣವನ್ನು ಬಳಿಯುವುದು, ಹಳೆಯ ಜಗತಿಗೆ ಸಿಮೆಂಟಿನ ಮೆತ್ತೆಯನ್ನು ಹಾಕುವುದು, ಮುಖಮಂಟಪದ ಮುಂದೆ ಹೊಸ ಛಾವಣಿಯನ್ನು ಚಾಚುವುದು, ಇವೆಲ್ಲ ಅನೇಕ ಗ್ರಾಮಗಳಲ್ಲಿ ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ನಡೆಯುತ್ತಿವೆ. ಒಂಬತ್ತು ಶತಮಾನಗಳ ಬಿಸಿಲು ಮಳೆಗಳು ಅಳಿಸಲಾರದುದನ್ನು ಒಂದು ಡಬ್ಬಿ ಬಣ್ಣ ಒಂದು ದಿನದಲ್ಲಿ ಅಳಿಸುತ್ತದೆ.

ಇಂತಹ ಸಂದರ್ಭದಲ್ಲಿ ಸ್ಥಾವರ ಜಂಗಮಗಳ ಮಾತನ್ನು ಉದಾಸೀನಕ್ಕೆ ಗುರಾಣಿಯಾಗಿ ಹಿಡಿಯುವುದು ತರವಲ್ಲ. ಕೈಬಿಟ್ಟ ಸ್ಥಾವರವು ಅದರಿಂದಲೇ ಜಂಗಮವಾಗುವುದಿಲ್ಲ. ಅದು ಹಾಳು ಬೀಳುತ್ತದೆ, ಅಷ್ಟೆ. ಬಾವಿಯ ಹೂಳನ್ನು ಎತ್ತುವುದು ಕಾಯಕ. ಎತ್ತಿದ ಬಾವಿಯ ಮೆಟ್ಟಿಲು ಎಲ್ಲರ ಕಾಲಿಗೂ ಸಲ್ಲುವಂತೆ ನೋಡಿಕೊಳ್ಳುವುದು ದಾಸೋಹ. ಊರಿನ ಒಂದೊಂದು ಬಾವಿಯನ್ನೂ ಅಳೆದು, ಅದರ ಹೆಸರನ್ನೂ ಇರುವ ಸ್ಥಳವನ್ನೂ ಕೋಷ್ಠಗಳ ಸಂಖ್ಯೆಯನ್ನೂ ದಾಖಲಿಸುವ ಕೆಲಸದಲ್ಲಿ ಶಾಲೆಯ ಮಕ್ಕಳು, ಸಾಹಿತ್ಯದ ವಿದ್ಯಾರ್ಥಿಗಳು, ಊರ ಹಿರಿಯರು ಕೂಡಿದರೆ ಅದೊಂದು ದೊಡ್ಡ ಪಾಠವೇ ಆದೀತು. ಅಜಗಣ್ಣನವರ ವಚನಗಳನ್ನೂ ಮುಕ್ತಾಯಕ್ಕನವರ ವಚನಗಳನ್ನೂ ಓದುವ ವಿದ್ಯಾರ್ಥಿಯು ಒಮ್ಮೆಯಾದರೂ ಕಾಶಿವಿಶ್ವೇಶ್ವರದ ಬಾಗಿಲವಾಡವನ್ನು ನೋಡಿ, ಅಲ್ಲಿಂದ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಇಳಿಯಬೇಕು. ಏರಿದ ಕಲ್ಲು ಏನನ್ನು ಸಾಧಿಸಿತು, ಇಳಿದ ಕಲ್ಲು ಏನನ್ನು ಸಾಧಿಸಿತು ಎಂಬುದನ್ನು ಆತನು ತೂಗಿ ನೋಡಲಿ. ಗುಡಿಗೂ ಬಾವಿಗೂ ಒಂದೇ ಲೆಕ್ಕವನ್ನು ಕೊಟ್ಟ ಲಕ್ಕುಂಡಿಯ ಜನರ ಮಾತು ಎಷ್ಟು ತೂಕದ್ದೆಂಬುದು ಆಗ ತಾನಾಗಿಯೇ ತಿಳಿದೀತು.